ಗೋಡೆಯ ಮಂಜು ಕಾಗದಕ್ಕೆ ಇಳಿಯುವ ಬಗೆ: ಗ್ರಾಫಿಟಿ ಕಲಾವಿದರ ಅಮೂರ್ತ ಪ್ರಿಂಟ್‌ಗಳು

ನ್ಯೂಯಾರ್ಕ್ ಸಬ್‌ವೇಯ ಹಳೆಯ ಬೋಗಿಯೊಂದರ ಉದ್ದ ಸುಮಾರು 15 ಮೀಟರ್. ಚೌಕಟ್ಟಿಗೆ ಬಿಗಿದ ಬಲೆಯ ತೂತುಗಳ ಮೂಲಕ ಬಣ್ಣ ಒತ್ತುವ ಸ್ಕ್ರೀನ್ ಪ್ರಿಂಟಿಗೆ ಸಾಮಾನ್ಯವಾಗಿ ಬಳಸುವ ಹಾಳೆಯ ಅಳತೆ 50 × 70 ಸೆಂ.ಮೀ. ಬೋಗಿಯ ಮೇಲೆ ಸ್ಪ್ರೇ ಡಬ್ಬಿಯಿಂದ ಬರೆದ ಗ್ರಾಫಿಟಿ ಚಿತ್ರವನ್ನು ಫೋಟೋ ತೆಗೆದು ಆ ಹಾಳೆಗೆ ಇಳಿಸಿದರೆ ಎಲ್ಲವೂ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಕುಗ್ಗುತ್ತದೆ. ತೋಳು ಬೀಸಿ ಎಳೆದ 10 ಸೆಂ.ಮೀ. ಅಗಲದ ಗೆರೆ ಅರ್ಧ ಸೆಂ.ಮೀ.ಗೂ ಕಡಿಮೆಯಾಗುತ್ತದೆ. ಆ ಗೆರೆಯ ಅಂಚಿನಲ್ಲಿ 5 ಸೆಂ.ಮೀ.ವರೆಗೆ ಹರಡಿದ್ದ ಬಣ್ಣದ ಮಂಜು ಎರಡೇ ಮಿಲಿಮೀಟರಿನ ಮಸುಕಾಗಿ ಉಳಿಯುತ್ತದೆ. ಸ್ಪ್ರೇ ಡಬ್ಬಿಯ ಗುರುತೇ ಆ ಮಂಜು. ಅದು ಹೋದ ಮೇಲೆ ಉಳಿಯುವುದು ಬಣ್ಣಬಣ್ಣದ ಪೋಸ್ಟರ್ ಅಷ್ಟೇ.

ಹಾಗಾಗಿ ಒಳ್ಳೆಯ ಗ್ರಾಫಿಟಿ ಪ್ರಿಂಟನ್ನು ಗೋಡೆಯ ಚಿತ್ರದ ಪ್ರತಿ ಎಂದು ನೋಡಬಾರದು. ಆ ಗೆರೆ, ಆ ಮಂಜು, ಆ ಬಣ್ಣದ ಸೋರಿಕೆ ಎಲ್ಲವೂ ಹಾಳೆಯ ಅಳತೆಗೆ ಹೊಸದಾಗಿ ಹುಟ್ಟಬೇಕು. ಬೀದಿಯಿಂದ ಗ್ಯಾಲರಿಗೆ ಹೋಗುವ ದಾರಿಯಲ್ಲಿ ದುಡ್ಡು, ಕರಾರು, ಕಾನೂನು ಎಲ್ಲ ಎದುರಾಗುತ್ತವೆ. ಆದರೆ ಹಾಳೆಯ ಮೇಲೆ ಕೆಲಸ ಸರಿಯಾಗಿ ಕೂರದಿದ್ದರೆ ಅವು ಯಾವುವೂ ಆ ಕಲಾವಿದರನ್ನು ಬಹಳ ದಿನ ಕಾಪಾಡುವುದಿಲ್ಲ.

ಓದಲಾಗದ ಅಕ್ಷರವೇ ಮೊದಲ ಅಮೂರ್ತ

ಅಮೂರ್ತತೆಯನ್ನು ಗ್ರಾಫಿಟಿ ಕಲಾವಿದರು ಗ್ಯಾಲರಿಗೆ ಬಂದ ಮೇಲೆ ಕಲಿತರು ಎನ್ನುವ ಮಾತು ಆಗಾಗ ಕೇಳುತ್ತದೆ. ಇತಿಹಾಸ ಹಾಗಿಲ್ಲ. 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಹುಡುಗರು ಬರೆಯುತ್ತಿದ್ದುದು ಅಡ್ಡಹೆಸರು ಮತ್ತು ಬೀದಿಯ ಸಂಖ್ಯೆ ಮಾತ್ರ. 'ಟಾಕಿ 183' ಎಂಬ ಸಹಿಯ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆದದ್ದು 1971ರಲ್ಲಿ. ಎಲ್ಲೆಲ್ಲೂ ಸಹಿಗಳು ತುಂಬಿಕೊಂಡ ಮೇಲೆ ತನ್ನದು ಎದ್ದು ಕಾಣಬೇಕಾದರೆ ಅಕ್ಷರ ದೊಡ್ಡದಾಗಬೇಕಾಯಿತು, ಉಬ್ಬಬೇಕಾಯಿತು, ತಿರುಚಿಕೊಳ್ಳಬೇಕಾಯಿತು. ಫೇಸ್ 2 ಎಂಬ ಗ್ರಾಫಿಟಿ ಬರಹಗಾರ ಗುಳ್ಳೆಯಂತೆ ಉಬ್ಬಿದ ಅಕ್ಷರಗಳನ್ನು ತಂದ. ಮುಂದೆ 'ವೈಲ್ಡ್‌ಸ್ಟೈಲ್' ಬಂತು: ಒಂದು ಅಕ್ಷರದ ಕಾಲು ಇನ್ನೊಂದರ ಹೊಟ್ಟೆಗೆ ನುಗ್ಗುತ್ತದೆ, ತುದಿಗಳಿಗೆ ಬಾಣ ಮೂಡುತ್ತದೆ, ಬರೆಯುವವರ ಬಳಗದ ಹೊರಗಿನವರಿಗೆ ಹೆಸರು ಓದಲು ಬರುವುದೇ ಇಲ್ಲ. ಓದಲು ಬಾರದ ಅಕ್ಷರದಲ್ಲಿ ಕಣ್ಣಿಗೆ ಸಿಗುವುದು ಆಕಾರ, ತೂಕ, ವೇಗ ಮಾತ್ರ. ಅಲ್ಲಿಗೆ ಅಮೂರ್ತ ಚಿತ್ರದ ಅರ್ಧ ಕೆಲಸ ಮುಗಿದಿತ್ತು. ರ‍್ಯಾಮೆಲ್‌ಝೀ ಅಕ್ಷರಗಳಿಗೆ ಆಯುಧ ತೊಡಿಸುವ ಸಿದ್ಧಾಂತವನ್ನೇ ಕಟ್ಟಿದ. ಆಮ್‌ಸ್ಟರ್‌ಡ್ಯಾಮಿನ ಡೆಲ್ಟಾ ಮೂರು ಆಯಾಮದ ಅಕ್ಷರಗಳಿಂದ ಶುರುಮಾಡಿ, ಕಟ್ಟಡದ ನಕ್ಷೆಯನ್ನು ನೆನಪಿಸುವ ರಚನೆಗಳವರೆಗೆ ಹೋದ.

ಇನ್ನೊಂದು ದಾರಿ ಹಿನ್ನೆಲೆಯಿಂದ ಬಂತು. ಅಕ್ಷರದ ಹಿಂದೆ ತುಂಬುತ್ತಿದ್ದ ಬಣ್ಣದ ಮೋಡವನ್ನೇ ಫ್ಯೂಚುರಾ 2000 ಮುಂದಕ್ಕೆ ತಂದ. 1980ರಲ್ಲಿ ಇಡೀ ಬೋಗಿಯ ಮೇಲೆ ಅವನು ಮಾಡಿದ 'ಬ್ರೇಕ್' ಚಿತ್ರದಲ್ಲಿ ಪದ ಇದೆ, ಆದರೆ ಕಣ್ಣು ಹೋಗುವುದು ಹರಡಿದ ಬಣ್ಣದ ಕಡೆಗೆ. ಗ್ರಾಫಿಟಿ ಎಂದರೆ ಹೆಸರು ಬರೆಯುವುದು ಎಂದಿದ್ದ ಕಾಲದಲ್ಲಿ ಅದು ದೊಡ್ಡ ಧೈರ್ಯ.

ಗ್ಯಾಲರಿಗಳು ಆ ಹೊತ್ತಿಗಾಗಲೇ ಬಾಗಿಲು ತೆರೆಯತೊಡಗಿದ್ದವು. ಯುನೈಟೆಡ್ ಗ್ರಾಫಿಟಿ ಆರ್ಟಿಸ್ಟ್ಸ್ ಎಂಬ ಗುಂಪು 1973ರಲ್ಲೇ ನ್ಯೂಯಾರ್ಕಿನ ರೇಜರ್ ಗ್ಯಾಲರಿಯಲ್ಲಿ ಕ್ಯಾನ್ವಾಸ್ ತೋರಿಸಿತ್ತು. 1979ರಲ್ಲಿ ಲೀ ಕಿನ್ಯೋನೆಸ್ ಮತ್ತು ಫ್ಯಾಬ್ 5 ಫ್ರೆಡ್ಡಿ ರೋಮ್‌ನಲ್ಲಿ ಪ್ರದರ್ಶನ ಮಾಡಿದರು. 1981ರಲ್ಲಿ ನ್ಯೂಯಾರ್ಕಿನ ಪಿ.ಎಸ್. 1 ಕಲಾಕೇಂದ್ರದಲ್ಲಿ 'ನ್ಯೂಯಾರ್ಕ್/ನ್ಯೂ ವೇವ್' ಪ್ರದರ್ಶನ ನಡೆಯಿತು. ಅದೇ ವರ್ಷ ಈಸ್ಟ್ ವಿಲೇಜಿನಲ್ಲಿ ಪ್ಯಾಟಿ ಆಸ್ಟರ್ ಮತ್ತು ಬಿಲ್ ಸ್ಟೆಲ್ಲಿಂಗ್ ತೆರೆದ ಫನ್ ಗ್ಯಾಲರಿ 1985ರವರೆಗೆ ನಡೆಯಿತು. 1983ರ ಡಿಸೆಂಬರಿನಲ್ಲಿ ಸಿಡ್ನಿ ಜ್ಯಾನಿಸ್ ಗ್ಯಾಲರಿ 'ಪೋಸ್ಟ್-ಗ್ರಾಫಿಟಿ' ಎಂಬ ಹೆಸರಿನಲ್ಲಿ ಇವರನ್ನು ಒಟ್ಟಿಗೆ ತೋರಿಸಿತು. ಅದೇ ವರ್ಷ ರಾಟರ್‌ಡ್ಯಾಮಿನ ಬೋಯ್ಮನ್ಸ್ ಮ್ಯೂಸಿಯಂ ಕೂಡ. ಆಮೇಲೆ ಅಮೆರಿಕದ ಮಾರುಕಟ್ಟೆಯ ಉತ್ಸಾಹ ಇಳಿಯಿತು, ಹಲವರಿಗೆ ಯುರೋಪೇ ಆಸರೆಯಾಯಿತು. 1989ರ ಮೇ ತಿಂಗಳಲ್ಲಿ ಬಣ್ಣ ಬಳಿದ ಕೊನೆಯ ರೈಲನ್ನೂ ಸಬ್‌ವೇ ಆಡಳಿತ ಓಡಾಟದಿಂದ ತೆಗೆಯಿತು. ಆ ಹೊತ್ತಿಗೆ ರೈಲಿನ ಮೇಲಿದ್ದದ್ದು ಫೋಟೋಗಳಲ್ಲಿ ಮಾತ್ರ ಉಳಿದಿತ್ತು. ಕೈಯಲ್ಲಿ ಹಿಡಿದು ನೋಡಬಹುದಾದದ್ದು ಕ್ಯಾನ್ವಾಸ್ ಮತ್ತು ಕಾಗದ.

ಸ್ಪ್ರೇಯನ್ನು ಪದರಗಳಾಗಿ ಬಿಡಿಸುವುದು

ಗೋಡೆಯ ಮೇಲೆ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಮಸುಕು ರೇಖೆ, ನಂತರ ಒಳತುಂಬು, ಅದರ ಮೇಲೆ ಬಣ್ಣದಿಂದ ಬಣ್ಣಕ್ಕೆ ಸರಿಯುವ ಮಂಜು, ಆಮೇಲೆ ಗಟ್ಟಿ ಹೊರಗೆರೆ, ಕೊನೆಗೆ ಬಿಳಿ ಮಿಂಚು. ಸ್ಪ್ರೇ ಬಣ್ಣ ದಟ್ಟ, ಕೆಳಗಿನದನ್ನು ಮುಚ್ಚಿಬಿಡುತ್ತದೆ. ಸ್ಕ್ರೀನ್ ಪ್ರಿಂಟಿನ ನೀರು ಆಧಾರಿತ ಇಂಕ್ ಅಷ್ಟು ದಟ್ಟವಾಗಿರುವುದಿಲ್ಲ. ಹಾಗಾಗಿ ಗೋಡೆಯ ಕ್ರಮವನ್ನೇ ಹಾಳೆಗೂ ತಂದರೆ ಎರಡು ಕಡೆ ಕೆಡುತ್ತದೆ: ಹಳದಿಯ ಮೇಲೆ ಬಂದ ನೀಲಿ ಹಸಿರಾಗುತ್ತದೆ, ಕಪ್ಪಿನ ಮೇಲೆ ಹಾಕಿದ ಬಿಳಿ ಬೂದು ಬಣ್ಣಕ್ಕೆ ತಿರುಗುತ್ತದೆ. ಬಿಳಿ ಮಿಂಚಿಗೆ ಎರಡು ಉಪಾಯಗಳಿವೆ. ಆ ಜಾಗವನ್ನು ಎಲ್ಲ ಪದರಗಳಲ್ಲೂ ಖಾಲಿ ಬಿಟ್ಟು ಕಾಗದದ ಬಿಳಿಯನ್ನೇ ಉಳಿಸಿಕೊಳ್ಳುವುದು ಒಂದು. ಅಪಾರದರ್ಶಕ ಬಿಳಿಯನ್ನು ಕೊನೆಯಲ್ಲಿ, ಸೆಂಟಿಮೀಟರಿಗೆ 62ರಿಂದ 77 ಎಳೆಗಳ ಬಲೆಯಾದ ಮೆಶ್‌ನಿಂದ ಎರಡು ಬಾರಿ ಒತ್ತುವುದು ಇನ್ನೊಂದು. ಮೊದಲನೆಯದು ಹಗುರವಾಗಿ, ಬೆಳಕಿನಂತೆ ಕಾಣುತ್ತದೆ. ಎರಡನೆಯದು ಸ್ವಲ್ಪ ಉಬ್ಬಿ ನಿಂತು, ಡಬ್ಬಿಯಿಂದ ಬಂದ ಗುರುತಿಗೆ ಹೆಚ್ಚು ಹತ್ತಿರವಾಗುತ್ತದೆ. ಗ್ರಾಫಿಟಿಯ ಪ್ರಿಂಟಿಗೆ ಎರಡನೆಯದರ ಶ್ರಮ ತೆಗೆದುಕೊಳ್ಳುವುದು ಸಾರ್ಥಕ.

ಬೆಳಕಿಗೆ ಗಟ್ಟಿಯಾಗುವ ಎಮಲ್ಶನ್ ಎಂಬ ಲೇಪವನ್ನು ಮೆಶ್ ಮೇಲೆ ಬಳಿದು, ಫಿಲ್ಮ್ ಎಂಬ ಪಾರದರ್ಶಕ ಹಾಳೆಯ ಮೇಲಿನ ಕಪ್ಪು ಚಿತ್ರವನ್ನು ಬೆಳಕಿನಿಂದ ಅದಕ್ಕೆ ಇಳಿಸುತ್ತಾರೆ. ಪ್ರತಿ ಬಣ್ಣಕ್ಕೂ ಒಂದೊಂದು ಫಿಲ್ಮ್ ಬೇಕು. ಅಮೂರ್ತ ಕೆಲಸದಲ್ಲಿ ಆರರಿಂದ ಹನ್ನೆರಡು ಪದರ ಸಾಮಾನ್ಯ. ಫಿಲ್ಮ್ ತಯಾರಿಸುವ ಅತ್ಯುತ್ತಮ ವಿಧಾನ ಅತ್ಯಂತ ನೇರವಾದದ್ದೂ ಹೌದು: ಒಂದು ಮುಖ ಒರಟಾಗಿರುವ ಪಾಲಿಯೆಸ್ಟರ್ ಡ್ರಾಯಿಂಗ್ ಫಿಲ್ಮ್ ಮೇಲೆ ಕಲಾವಿದರೇ ಮ್ಯಾಟ್ ಕಪ್ಪು ಬಣ್ಣವನ್ನು ಸ್ಪ್ರೇ ಮಾಡುವುದು. ಮಂಜು ಬೇಕಾದರೆ ಡಬ್ಬಿ 25ರಿಂದ 30 ಸೆಂ.ಮೀ. ದೂರ, ಗಟ್ಟಿ ಗೆರೆ ಬೇಕಾದರೆ ಸಣ್ಣ ಬಾಯಿಯ ಕ್ಯಾಪ್ ಹಾಕಿ 5 ಸೆಂ.ಮೀ. ಒಳಗೆ. ಒತ್ತಡ ಕಡಿಮೆ ಇರುವ ಡಬ್ಬಿ ಇಲ್ಲಿ ಹೆಚ್ಚು ಹತೋಟಿಗೆ ಸಿಗುತ್ತದೆ. ಫಿಲ್ಮ್ ಮೇಲೆ ಬಿದ್ದ ಕಪ್ಪು ಹನಿಗಳು ತಾವೇ ಚುಕ್ಕಿಗಳಾಗಿರುವುದರಿಂದ ಕಂಪ್ಯೂಟರಿನಲ್ಲಿ ಬಣ್ಣದ ಏರಿಳಿತವನ್ನು ಚುಕ್ಕಿಗಳಾಗಿ ಒಡೆಯುವ ಹಾಫ್‌ಟೋನ್ ಮಾಡುವ ಅಗತ್ಯವಿಲ್ಲ. ಚುಕ್ಕಿಗಳಿಗೆ ಕ್ರಮವಿಲ್ಲದ್ದರಿಂದ ಮೆಶ್‌ನ ಎಳೆಗಳ ಜೊತೆ ತಿಕ್ಕಾಡಿ ಅಲೆಅಲೆಯಾದ ವಿನ್ಯಾಸ ಮೂಡುವ ಭಯವೂ ಇಲ್ಲ.

ಆದರೆ ಇದರಲ್ಲಿ ಎರಡು ತೊಡಕುಗಳಿವೆ. ಬಣ್ಣ ದಪ್ಪವಾಗಿ ಕೂತ ಕಡೆ ಫಿಲ್ಮ್ ಎಮಲ್ಶನ್‌ಗೆ ಪೂರ್ತಿ ಅಂಟುವುದಿಲ್ಲ. ಆ ಸಂದಿನಲ್ಲಿ ಬೆಳಕು ನುಸುಳಿ ಅಂಚು ತಿಂದುಹೋಗುತ್ತದೆ. ಆದ್ದರಿಂದ ತೆಳುವಾಗಿ, ಒಣಗಿಸಿ ಒಣಗಿಸಿ ಸ್ಪ್ರೇ ಮಾಡಬೇಕು. ಎಕ್ಸ್‌ಪೋಸ್ ಮಾಡುವಾಗ, ಅಂದರೆ ಕೆಳಗಿನಿಂದ ಬೆಳಕು ಬಿಡುವಾಗ, ಬಣ್ಣದ ಮುಖ ಮೇಲೆ ಬರುವಂತೆ ಫಿಲ್ಮನ್ನು ಗಾಜಿನ ಮೇಲಿಟ್ಟು, ಸ್ಕ್ರೀನಿನ ಕೆಳಮುಖ ಅದಕ್ಕೆ ತಾಗುವಂತೆ ಕೂರಿಸಿ, ವ್ಯಾಕ್ಯೂಮ್‌ನಿಂದ ಎರಡನ್ನೂ ಬಿಗಿಮಾಡಬೇಕು. ಹೀಗಿಟ್ಟರೆ ಚಿತ್ರ ಎಡಬಲ ತಿರುಗುವುದಿಲ್ಲ. ಎರಡನೆಯ ತೊಡಕು ಸಣ್ಣ ಹನಿಗಳದ್ದು. ಕಪ್ಪು ಹನಿ ಇದ್ದ ಕಡೆ ಎಮಲ್ಶನ್ ತೊಳೆದುಹೋಗಿ ತೂತು ಉಳಿಯಬೇಕು. ಬೆಳಕು ಹೆಚ್ಚಾದರೆ ಅದು ಪಕ್ಕಕ್ಕೆ ಚದುರಿ ಅತಿ ಸಣ್ಣ ತೂತುಗಳನ್ನು ಮುಚ್ಚಿಬಿಡುತ್ತದೆ. ಆಗ ಮಂಜು ಕರಗುತ್ತ ಹೋಗುವ ಬದಲು ಒಂದು ಕಡೆ ಕತ್ತರಿಸಿದಂತೆ ನಿಲ್ಲುತ್ತದೆ. ಬೆಳಕು ಕಡಿಮೆಯಾದರೆ ಎಮಲ್ಶನ್ ಗಟ್ಟಿಯಾಗದೆ, ತೊಳೆಯುವಾಗ ಬೇಡದ ಕಡೆಯೂ ಕಿತ್ತುಬರುತ್ತದೆ. ಅದಕ್ಕೇ ಹಳದಿ ಬಣ್ಣದ ಮೆಶ್ ಬಳಸುವುದು. ಅದು ಚದುರುವ ಬೆಳಕನ್ನು ಹೀರುತ್ತದೆ. ಮಂಜಿನ ಪದರಕ್ಕೆ 90ರಿಂದ 120 ಎಳೆ, ತುಂಬು ಬಣ್ಣಕ್ಕೆ 77, ದಪ್ಪ ಪದರಕ್ಕೆ 43ರಿಂದ 62. ಪ್ರತಿ ಹೊಸ ಮೆಶ್‌ಗೂ, ಪ್ರತಿ ಹೊಸ ಎಮಲ್ಶನ್‌ಗೂ ಬೆಳಕಿನ ಹೊತ್ತನ್ನು ಪಟ್ಟಿಪಟ್ಟಿಯಾಗಿ ಬದಲಿಸುತ್ತ ಒಂದು ಪರೀಕ್ಷೆ ಮಾಡಲೇಬೇಕು. ಈ ಪರೀಕ್ಷೆಯನ್ನು ಬಿಟ್ಟವರ ಪ್ರಿಂಟ್‌ಗಳಲ್ಲೇ ಆ ಕತ್ತರಿಸಿದ ಅಂಚು ಹೆಚ್ಚಾಗಿ ಕಾಣುವುದು.

ಫೋಟೋ ಅಥವಾ ಸ್ಕ್ಯಾನ್‌ನಿಂದಲೇ ಹಾಫ್‌ಟೋನ್ ಮಾಡಬೇಕಾಗಿ ಬಂದರೆ, ಮೆಶ್‌ನ ಎಳೆಗಳ ಸಂಖ್ಯೆ ಚುಕ್ಕಿಸಾಲುಗಳ ಸಂಖ್ಯೆಯ ನಾಲ್ಕೈದು ಪಟ್ಟು ಇರಲಿ: ಸೆಂಟಿಮೀಟರಿಗೆ 18 ಸಾಲಿದ್ದರೆ 90 ಎಳೆ. ಚುಕ್ಕಿಯ ಕೋನ 22.5 ಡಿಗ್ರಿ ಇದ್ದರೆ ಅಲೆವಿನ್ಯಾಸದ ಕಾಟ ಕಡಿಮೆ.

ಸೋರಿಕೆಯ ಮಾತು ಬೇರೆ. ಗೋಡೆಯ ಮೇಲೆ ಬಣ್ಣ ಸೋರಿದಾಗ ಅದಕ್ಕೊಂದು ದಪ್ಪವಿರುತ್ತದೆ, ತುದಿಯಲ್ಲಿ ಹನಿ ಉಬ್ಬಿ ನಿಲ್ಲುತ್ತದೆ. ಪ್ರಿಂಟಿನಲ್ಲಿ ಅದು ಚಪ್ಪಟೆಯಾಗುತ್ತದೆ. ಅದೇ ಫಿಲ್ಮ್‌ನ ತುದಿಯ ಭಾಗವನ್ನಷ್ಟೇ ಬೇರೆ ಸ್ಕ್ರೀನಿಗೆ ತಂದು ಹೊಳಪಿನ ವಾರ್ನಿಷ್ ಒಂದು ಪದರ ಒತ್ತಿದರೆ, ಪಕ್ಕದಿಂದ ಬೆಳಕು ಬಿದ್ದಾಗ ಆ ಹನಿ ಮತ್ತೆ ಹಸಿಯಾಗಿ ಕಾಣುತ್ತದೆ.

ಒತ್ತುವಾಗ

ಕಾಗದ 300 ಜಿ.ಎಸ್.ಎಂ. (ಚದರ ಮೀಟರಿಗೆ ಗ್ರಾಂ) ತೂಕದ, ಆಮ್ಲರಹಿತ ಹತ್ತಿಯದ್ದಾಗಿರಲಿ. ಸಂಖ್ಯೆ ಹಾಕಿ ಮಾರುವ 50 ಪ್ರತಿಗಳ ಎಡಿಷನ್‌ಗೆ ಕಲಾವಿದರ ಪ್ರೂಫ್, ಮುದ್ರಕರ ಪ್ರೂಫ್ (ಅವರವರಿಗೆ ಮೀಸಲಾದ ಪ್ರತಿಗಳು), ಒಪ್ಪಿಗೆ ಕೊಟ್ಟ ಮಾದರಿ ಪ್ರತಿ ಎಲ್ಲ ಸೇರಿ ಸುಮಾರು 60 ಒಳ್ಳೆಯ ಹಾಳೆ ಬೇಕು. ಎಂಟು ಹತ್ತು ಪದರಗಳ ಕೆಲಸದಲ್ಲಿ ಐದರಲ್ಲೊಂದು ಭಾಗದಷ್ಟು ಹೆಚ್ಚುವರಿ ಇಟ್ಟುಕೊಂಡು 72ರಿಂದ 75 ಹಾಳೆಗಳಿಂದ ಶುರುಮಾಡುವುದು ಲೇಸು. ಏಳನೆಯ ಪದರದಲ್ಲಿ ಹಾಳೆ ಕೆಟ್ಟರೆ ಅದರ ಹಿಂದಿನ ಆರು ಪದರಗಳ ಶ್ರಮವೂ ಹೋಯಿತು, ಹೊಸ ಹಾಳೆಯನ್ನು ನಡುವೆ ಸೇರಿಸಲಾಗದು.

ಹತ್ತಿಯ ಕಾಗದ ತೇವ ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಹೊಸ ಕಟ್ಟು ಬಿಚ್ಚಿ ತಕ್ಷಣ ಮೊದಲ ಬಣ್ಣ ಒತ್ತಿದರೆ, ಮಾರನೆಯ ದಿನದ ಬಣ್ಣ ಒಂದು ಮಿಲಿಮೀಟರ್ ಆಚೆ ಕೂರುತ್ತದೆ. ಹಾಳೆಗಳನ್ನು ಒಂದು ದಿನ ಅದೇ ಕೋಣೆಯ ರ‍್ಯಾಕ್‌ನಲ್ಲಿ ಹರಡಿ, ಕೋಣೆಯ ತೇವಾಂಶವನ್ನು ಶೇ. 50ರ ಆಸುಪಾಸಿನಲ್ಲಿ ಇಟ್ಟುಕೊಂಡರೆ ಈ ಕಷ್ಟ ಬಹುಪಾಲು ತಪ್ಪುತ್ತದೆ. ಹಾಳೆ ಕೂರಿಸಲು ಮೂರು ತಡೆಗಳು ಸಾಕು: ಉದ್ದ ಬದಿಗೆ ಎರಡು, ಗಿಡ್ಡ ಬದಿಗೆ ಒಂದು. ಎಲ್ಲ ಪದರಗಳಿಗೂ ಅದೇ ಮೂಲೆ. ಗಟ್ಟಿ ಅಂಚಿನ ಎರಡು ಬಣ್ಣಗಳು ಸೇರುವಲ್ಲಿ ಒಂದರ ಮೇಲೊಂದು ಅರ್ಧ ಮಿಲಿಮೀಟರ್ ಹತ್ತಿಕೊಂಡಿರಲಿ, ಇಲ್ಲದಿದ್ದರೆ ನಡುವೆ ಬಿಳಿ ಗೀರು ಇಣುಕುತ್ತದೆ. ಮಂಜಿನ ಅಂಚುಗಳಿಗೆ ಇದು ಬೇಡ. ಅವು ತಾವೇ ಬೆರೆಯುತ್ತವೆ.

ಮೆಶ್ ಮತ್ತು ಕಾಗದದ ನಡುವೆ ಸುಮಾರು 3 ಮಿ.ಮೀ. ಅಂತರವಿರಬೇಕು. ಅಂತರವಿಲ್ಲದಿದ್ದರೆ ಮೆಶ್ ಕಾಗದಕ್ಕೆ ಅಂಟಿಕೊಂಡು ಗೆರೆಯ ಅಂಚು ಹರಡುತ್ತದೆ. ಇಂಕ್ ಎಳೆಯುವ ಸ್ಕ್ವೀಜಿಯ ರಬ್ಬರು 65ರಿಂದ 70 ಶೋರ್ (ಗಡಸುತನದ ಅಳತೆ) ಗಡಸು, ಹಿಡಿಯುವ ಕೋನ ಸುಮಾರು 70 ಡಿಗ್ರಿ. ತೀರಾ ಮಲಗಿಸಿ ಹಿಡಿದರೆ ಇಂಕ್ ಜಾಸ್ತಿ ಇಳಿದು ಸಣ್ಣ ಚುಕ್ಕಿಗಳೆಲ್ಲ ಒಂದಾಗುತ್ತವೆ. ಅಕ್ರಿಲಿಕ್ ಬಣ್ಣ ಮತ್ತು ಸ್ಕ್ರೀನ್ ಮೀಡಿಯಂ (ಬಣ್ಣವಿಲ್ಲದ ಬೆರಕೆ ದ್ರವ) ಅರ್ಧಕ್ಕರ್ಧ ಬೆರೆಸುವುದು ರೂಢಿ. ಪಾರದರ್ಶಕ ಮಂಜಿಗೆ ಬಣ್ಣ ಹತ್ತರಲ್ಲಿ ಒಂದೆರಡು ಪಾಲು ಸಾಕು. ಇಡೀ ಹಾಳೆ ತುಂಬುವ ಪದರವಾದರೆ 72 ಹಾಳೆಗೆ ಒಂದು ಲೀಟರಿನಷ್ಟು ಒಟ್ಟಿಗೇ ಕಲಸಿಡಿ. ನಡುವೆ ಮತ್ತೆ ಕಲಸಿದ ಬಣ್ಣ ಮೊದಲಿನದಕ್ಕೆ ಹೊಂದುವುದಿಲ್ಲ. ನೀರಿನ ಇಂಕ್‌ಗೆ ಮೆಶ್‌ನೊಳಗೇ ಒಣಗುವ ಕೆಟ್ಟ ಚಾಳಿ ಇದೆ. ಮೊದಲು ಮುಚ್ಚಿಕೊಳ್ಳುವುದು ಮಂಜಿನ ಸಣ್ಣ ತೂತುಗಳೇ. ಪ್ರತಿ ಒತ್ತಿನ ನಂತರ ಸ್ಕ್ರೀನ್ ಎತ್ತಿ, ಮೆಶ್ ಮೇಲೆ ಇಂಕ್‌ನ ತೆಳು ಹೊದಿಕೆ ಎಳೆದಿಡಬೇಕು, ಬಿಸಿ ದಿನಗಳಲ್ಲಿ ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಸೇರಿಸಬೇಕು, ಫೋನ್ ತೆಗೆದುಕೊಳ್ಳಲು ಕೂಡ ನಿಲ್ಲಬಾರದು.

ಬಣ್ಣದಿಂದ ಬಣ್ಣಕ್ಕೆ ನಯವಾಗಿ ಸರಿಯುವ ಹಿನ್ನೆಲೆಗೆ ಇನ್ನೊಂದು ದಾರಿ ಇದೆ. ಒಂದೇ ಸ್ಕ್ರೀನಿನ ಮೇಲೆ ಎರಡು ಮೂರು ಬಣ್ಣಗಳನ್ನು ಪಕ್ಕಪಕ್ಕ ಸುರಿದು ಒಟ್ಟಿಗೆ ಎಳೆಯುವುದು. ಮೊದಲ ಐದಾರು ಎಳೆತ ಬಣ್ಣ ಹದಕ್ಕೆ ಬರುವವರೆಗೆ ರದ್ದಿ ಕಾಗದಕ್ಕೆ ಹೋಗುತ್ತದೆ. ಹದಿನೈದಿಪ್ಪತ್ತು ಹಾಳೆಯಾದ ಮೇಲೆ ನಡುವಿನ ಬಣ್ಣ ಕೆಸರಾಗುತ್ತದೆ. ಆಗ ತೊಳೆದು ಮತ್ತೆ ಶುರು. ಯಾವ ಎರಡು ಹಾಳೆಯೂ ಒಂದೇ ತೆರನಾಗಿರುವುದಿಲ್ಲ. ಗೋಡೆಯ ಸ್ವಭಾವಕ್ಕೆ ಇಷ್ಟು ಹತ್ತಿರದ ವಿಧಾನ ಸ್ಕ್ರೀನ್ ಪ್ರಿಂಟಿನಲ್ಲಿ ಮತ್ತೊಂದಿಲ್ಲ. ಆದರೆ ಅದನ್ನು ಸಾಮಾನ್ಯ ಎಡಿಷನ್ ಎಂದು ಮಾರಬಾರದು. ಪ್ರತಿಗಳಲ್ಲಿ ವ್ಯತ್ಯಾಸವಿದೆ ಎಂದು ತಿಳಿಸಲು ಹಾಳೆಯ ಮೇಲೆ 'ಇ.ವಿ.' ಎಂದು ಗುರುತಿಸುವ ಪದ್ಧತಿ ಇದೆ.

ಪ್ರಿಂಟಿನ ಮೇಲೆ ಕಲಾವಿದರು ಕೈಯಾರೆ ಸ್ಪ್ರೇ ಮಾಡುವುದಿದ್ದರೆ ಅದು ಎಲ್ಲ ಪದರಗಳೂ ಮುಗಿದು, ಚೆನ್ನಾಗಿ ಒಣಗಿದ ಮೇಲೆ. ಎಣ್ಣೆ ಸ್ವಭಾವದ ಸ್ಪ್ರೇ ಬಣ್ಣದ ಮೇಲೆ ನೀರಿನ ಇಂಕ್ ನಿಲ್ಲದೆ ಹನಿಗಟ್ಟುತ್ತದೆ. ಮುಖಕ್ಕೆ ಹಬೆ ಮತ್ತು ಸಣ್ಣ ಕಣ ಎರಡನ್ನೂ ತಡೆಯುವ ಎ2ಪಿ2 ಫಿಲ್ಟರಿನ ಮಾಸ್ಕ್ ಇರಲೇಬೇಕು. ಬೀದಿಯ ಗಾಳಿಯಲ್ಲಿ ಹಾರಿಹೋಗುತ್ತಿದ್ದ ದ್ರಾವಕದ ಹಬೆ ಮುಚ್ಚಿದ ಸ್ಟುಡಿಯೋದಲ್ಲಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ಸಂಖ್ಯೆ, ಸಹಿ, ಕರಾರು

ಹಾಳೆಯ ಕೆಳಗೆ ಎಡಕ್ಕೆ 12/50 ಎಂದಿದ್ದರೆ ಐವತ್ತರಲ್ಲಿ ಹನ್ನೆರಡನೆಯ ಸಂಖ್ಯೆ ಪಡೆದ ಪ್ರತಿ ಎಂದರ್ಥ; ಒತ್ತಿದ ಕ್ರಮವೂ ಅದೇ ಆಗಿರಬೇಕೆಂದಿಲ್ಲ. 'ಎ.ಪಿ.' ಎಂದರೆ ಕಲಾವಿದರ ಪ್ರೂಫ್, ಸಾಮಾನ್ಯವಾಗಿ ಎಡಿಷನ್‌ನ ಶೇ. 10ರಷ್ಟು. ಸಹಿ ಪೆನ್ಸಿಲಿನಲ್ಲೇ ಇರುವುದಕ್ಕೆ ಕಾರಣವಿದೆ: ಗ್ರಾಫೈಟ್ ಮಾಸುವುದಿಲ್ಲ, ಪ್ರಿಂಟ್ ಯಂತ್ರದಿಂದ ಅದನ್ನು ಸುಲಭವಾಗಿ ನಕಲಿಸಲೂ ಆಗದು. ಸಹಿಯ ಬೆಲೆ ಎಷ್ಟೆಂದು ನೋಡಲು ಬೀದಿ ಕಲಾವಿದ ಬ್ಯಾಂಕ್ಸಿಯ 'ಗರ್ಲ್ ವಿತ್ ಬಲೂನ್' ಪ್ರಿಂಟ್ ಒಳ್ಳೆಯ ಉದಾಹರಣೆ. 2004ರಲ್ಲಿ ಅದರ 150 ಪ್ರತಿಗಳು ಸಹಿಯೊಂದಿಗೆ, 600 ಸಹಿ ಇಲ್ಲದೆ ಬಂದವು. ಚಿತ್ರ ಒಂದೇ ಆದರೂ ಮಾರುಕಟ್ಟೆ ಅವನ್ನು ಎರಡು ಬೇರೆ ವಸ್ತುಗಳಂತೆ ಕಾಣುತ್ತದೆ. ನಕಲಿಗಳ ಕಾಟಕ್ಕೆ 2008ರಲ್ಲಿ ಪೆಸ್ಟ್ ಕಂಟ್ರೋಲ್ ಎಂಬ ದೃಢೀಕರಣ ಸಂಸ್ಥೆಯನ್ನೇ ಸ್ಥಾಪಿಸಬೇಕಾಯಿತು.

ಗ್ಯಾಲರಿ ಮಾರಾಟದ ಬೆಲೆಯಲ್ಲಿ ಅರ್ಧ ತೆಗೆದುಕೊಳ್ಳುವುದು ರೂಢಿ. ಬೀದಿಯಿಂದ ಬಂದವರಿಗೆ ಇದು ಸುಲಿಗೆ ಎನಿಸಬಹುದು. ನಿಜವಾಗಿ ನೋಡಬೇಕಾದದ್ದು ಆ ಅರ್ಧ ಯಾವುದರ ಮೇಲಿನ ಅರ್ಧ ಎಂಬುದನ್ನು. ಕಾಗದ, ಸ್ಕ್ರೀನ್, ಮುದ್ರಕರ ಕೂಲಿ, ಚೌಕಟ್ಟು ಇವುಗಳ ಖರ್ಚು ಮೊದಲು ಕಳೆಯಬೇಕೇ, ಹಂಚಿದ ಮೇಲೆ ಕಲಾವಿದರ ಪಾಲಿನಿಂದ ಹೋಗಬೇಕೇ? ಕರಾರಿನಲ್ಲಿ ಈ ಒಂದು ಸಾಲು ಇಲ್ಲದಿದ್ದರೆ ಇಡೀ ಎಡಿಷನ್ ಮಾರಾಟವಾಗಿಯೂ ಕೈಗೆ ಏನೂ ಉಳಿಯದಿರಬಹುದು. ಎಡಿಷನ್‌ನ ಗಾತ್ರ, ಪ್ರೂಫ್‌ಗಳ ಸಂಖ್ಯೆ, ಹಣ ಕೊಡುವ ಗಡುವು, ಮಾರದ ಹಾಳೆಗಳ ವಾಪಸಾತಿ, ಕೆಲಸ ಮುಗಿದ ಮೇಲೆ ಫಿಲ್ಮ್‌ಗಳನ್ನು ಯಾರು ಇಟ್ಟುಕೊಳ್ಳಬೇಕು ಅಥವಾ ರದ್ದುಮಾಡಬೇಕು, ಇವೆಲ್ಲ ಬರವಣಿಗೆಯಲ್ಲಿ ಇರಬೇಕು. ಅದೇ ಚಿತ್ರವನ್ನು ಬೇರೆ ಬಣ್ಣದಲ್ಲಿ ಮತ್ತೆ ಮತ್ತೆ ಹೊರತಂದರೆ ಮೊದಲ ಐವತ್ತು ಕೊಂಡವರ ನಂಬಿಕೆ ಹೋಗುತ್ತದೆ. ಒಮ್ಮೆ ಹೋದ ಆ ನಂಬಿಕೆಯನ್ನು ಯಾವ ಗ್ಯಾಲರಿಯೂ ಮರಳಿ ಕೊಡಿಸಲಾರದು.

ಗೋಡೆಯ ಕೆಲಸದ ಹಕ್ಕೂ ಈಗ ಮೊದಲಿನಂತಿಲ್ಲ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ 5ಪಾಯಿಂಟ್ಸ್ ಎಂಬ ಕಟ್ಟಡದ ಗೋಡೆಗಳಲ್ಲಿ ಮಾಲೀಕರ ಒಪ್ಪಿಗೆಯಿಂದಲೇ ಮೂಡಿದ್ದ ಚಿತ್ರಗಳಿಗೆ 2013ರ ನವೆಂಬರಿನ ಒಂದು ರಾತ್ರಿ ಸುಣ್ಣ ಬಳಿಯಲಾಯಿತು. ಕಲಾಕೃತಿಯನ್ನು ಹಾಳುಮಾಡದಂತೆ ಕಾಯುವ ಅಮೆರಿಕದ 1990ರ ಕಾಯ್ದೆಯಡಿ 21 ಕಲಾವಿದರು ಕೋರ್ಟಿಗೆ ಹೋದರು. 2018ರಲ್ಲಿ 45 ಕೃತಿಗಳಿಗೆ ತಲಾ 1,50,000 ಡಾಲರ್, ಒಟ್ಟು 67.5 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅನುಮತಿ ಇಲ್ಲದೆ ಬರೆದ ಗೋಡೆಗೂ ಇದೇ ರಕ್ಷಣೆ ಸಿಗುತ್ತದೆ ಎಂದು ಈ ತೀರ್ಪನ್ನು ಓದಿಕೊಳ್ಳುವಂತಿಲ್ಲ.

ಕೊಳ್ಳುವವರು ಪ್ರಿಂಟಿನ ಮೇಲೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಇಟ್ಟು ಮಂಜಿನ ಅಂಚನ್ನು ನೋಡಲಿ. ಒಂದೊಂದು ಚುಕ್ಕಿಯೂ ಒಂದೇ ತುಂಬು ಬಣ್ಣದ್ದಾಗಿದ್ದು, ಇಂಕ್ ಕಾಗದದ ಮೇಲೆ ತೆಳುವಾಗಿ ಕೂತಿದ್ದರೆ ಅದು ಸ್ಕ್ರೀನ್ ಪ್ರಿಂಟ್. ನೀಲಿ, ಕೆನ್ನೇರಳೆಗೆಂಪು, ಹಳದಿ, ಕಪ್ಪು ಹನಿಗಳು ನುಣ್ಣಗೆ ಚೆಲ್ಲಿಕೊಂಡು ಒಂದು ಬಣ್ಣವಾಗಿ ಕಾಣುತ್ತಿದ್ದರೆ ಅದು ಇಂಕ್‌ಜೆಟ್. ಅದನ್ನೂ ಕಲಾವಿದರು ಸಹಿ ಮಾಡಿ ಮಾರಬಹುದು, ಆದರೆ ಬೆಲೆ ಹೇಳುವಾಗ ಅದು ಇಂಕ್‌ಜೆಟ್ ಎಂದು ಹೇಳಬೇಕು. ಮನೆಗೆ ತಂದ ಮೇಲೆ ಹಾಳೆಯ ಹಿಂಭಾಗಕ್ಕೆ ಸೆಲ್ಲೊಟೇಪ್ ಹಚ್ಚಬೇಡಿ. ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಗಂಜಿಯ ಅಂಟಿನಿಂದ ಅಂಟಿಸಿ, ಮೇಲಂಚಿನಿಂದ ತೂಗುಬಿಡಲು ಹೇಳಿ. ಗಾಜು ಅತಿನೇರಳೆ ಕಿರಣ ತಡೆಯುವಂಥದ್ದಿರಲಿ, ಅದಕ್ಕೂ ಹಾಳೆಗೂ ನಡುವೆ ಮೌಂಟ್ ಬೋರ್ಡಿನ ಅಂತರವಿರಲಿ. ಕೈಯಿಂದ ಸ್ಪ್ರೇ ಮಾಡಿದ ಪ್ರಿಂಟಾದರೆ ಚೌಕಟ್ಟು ಹಾಕಿಸುವ ಮೊದಲು ಕೆಲವು ವಾರ ತೆರೆದಿಡಬೇಕು, ಇಲ್ಲದಿದ್ದರೆ ಉಳಿದ ದ್ರಾವಕ ಗಾಜಿನ ಒಳಮುಖಕ್ಕೆ ಮಬ್ಬು ಹಿಡಿಸುತ್ತದೆ.